ಮಿದುಳಿನ ‘ಆನಂದ’ ಮತ್ತು ಗಾಂಜಾ: ತಮ್ಮನಿಗೆ ಏನು ಉತ್ತರ ಹೇಳಲಿ?

ಆಳಂದ ರಸ್ತೆ | ಕಲಬುರಗಿ | ಭಾನುವಾರ ರಾತ್ರಿ 9.40

ಮೊದಲೇ ಹೇಳಿಬಿಡುತ್ತೇನೆ: ನಾನು ಕನ್ನಡ ಕಲಿಸುವವಳು. ನನ್ನ ವಿಜ್ಞಾನ ಹತ್ತನೇ ತರಗತಿಗೆ ಮುಗಿದಿದೆ. ಎಲ್ಲಿ ತಪ್ಪಿದರೂ ತಿದ್ದಿ, ಬೇಸರವಿಲ್ಲ.

ನನ್ನ ತಮ್ಮ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾನೆ. ಕಳೆದ ವಾರ ಅವನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಪೊಟ್ಟಣ ಸಿಕ್ಕಿತು. ಸುತ್ತಿದ್ದದ್ದು ಹಳೆಯ ದಿನಪತ್ರಿಕೆಯ ತುಂಡು, ತೊಗರಿ ಧಾರಣೆಯ ಕಾಲಂ. ಬಿಚ್ಚಿದರೆ ಒಣಗಿದ ಮೆಂತ್ಯದ ಸೊಪ್ಪಿನಂತಹದು, ನಡುವೆ ಎರಡು ಮೂರು ಬೀಜ. ವಾಸನೆ ಮಾತ್ರ ಮೆಂತ್ಯದ್ದಲ್ಲ.

ಅವ್ವನಿಗೆ ತೋರಿಸಲಿಲ್ಲ. ಅವನನ್ನು ಮಾಳಿಗೆಗೆ ಕರೆದು ಕೇಳಿದೆ. ಅಳುತ್ತಾನೆ, ಇಲ್ಲವೇ ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ. ನನಗೇ ಪಾಠ ಮಾಡಿದ. “ಅಕ್ಕಾ, ನಿನ್ನ ಮಿದುಳಿನಲ್ಲೂ ಇದು ಇದೆ. ವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರೇ ಆನಂದ. ನಿನ್ನ ಶರಣರು ಹುಡುಕಿದ್ದೂ ಅದನ್ನೇ, ನಾನು ಹುಡುಕುತ್ತಿರುವುದೂ ಅದನ್ನೇ. ದಾರಿ ಬೇರೆ, ಅಷ್ಟೆ.”

ಹದಿನೈದು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಕೊಟ್ಟವಳಿಗೆ ಅಂದು ಬಾಯಿ ಕಟ್ಟಿತು. ಅಂತಹ ಪದಾರ್ಥ ನಿಜವಾಗಿಯೂ ಇದೆಯೇ? ಇದ್ದರೆ ಅದೂ ಗಾಂಜಾವೂ ಒಂದೆಯೇ? ತಿಂಥಣಿಯ ಜಾತ್ರೆಯಲ್ಲಿ ಸಾಧುಗಳು ಅದನ್ನು ಪ್ರಸಾದ ಎಂದು ಸೇದುತ್ತಾರೆ, ಅವರೇಕೆ ಹಾಳಾಗಲಿಲ್ಲ ಎಂದೂ ಕೇಳಿದ್ದಾನೆ. ಬೈಯಲು ನನಗೆ ಬರುತ್ತದೆ, ಅದನ್ನು ಯಾರೂ ಕಲಿಸಬೇಡಿ. ಉತ್ತರ ಬೇಕು.

ನಿರ್ವಾಹಕ | ಭಾನುವಾರ ರಾತ್ರಿ 10.05

ಚರ್ಚೆ ನಡೆಯಲಿ. ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂದು ಬರೆದರೆ ಆ ಬರಹ ಉಳಿಯುವುದಿಲ್ಲ. ಈಗಾಗಲೇ ಒಂದನ್ನು ತೆಗೆದಿದ್ದೇನೆ. ತೆಗೆದದ್ದೇಕೆ ಎಂದು ಖಾಸಗಿಯಾಗಿ ಕೇಳಿದ ಮಹಾನುಭಾವರೇ, ಏಕೆಂದು ನಿಮಗೆ ಗೊತ್ತಿದೆ.

ಶುಭೋದಯ ಗುಲಬರ್ಗಾ | ಸೋಮವಾರ ಬೆಳಿಗ್ಗೆ 6.10

ಅಕ್ಕಾ, ಚಿಂತೆ ಬೇಡ. ನಮ್ಮ ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿತ್ತು: ಚಾಕೊಲೇಟಿನಲ್ಲಿ ಇದೇ ಆನಂದದ ರಾಸಾಯನಿಕ ಇದೆಯಂತೆ. ದಿನಕ್ಕೆ ಎರಡು ತುಂಡು ಕೊಟ್ಟರೆ ಗಾಂಜಾ ತಾನಾಗಿಯೇ ಬಿಟ್ಟುಹೋಗುತ್ತದೆ. ಕಪ್ಪು ಚಾಕೊಲೇಟೇ ಆಗಬೇಕು.

ಕಷಾಯ ಕಾಕಾ | ಬೀದರ್ | ಸೋಮವಾರ ಬೆಳಿಗ್ಗೆ 8.30

ಶುಭೋದಯದವರೇ, ಆ ಎರಡು ತುಂಡು ನೀವೇ ತಿನ್ನಿ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ತಂಗೀ, ನಾನು ಮೂವತ್ತು ವರ್ಷ ಔಷಧಶಾಸ್ತ್ರ ಕಲಿಸಿ, ಈಗ ಮನೆಯ ಹಿಂದಿನ ನಿಂಬೆ ಗಿಡಕ್ಕೆ ನೀರು ಹಾಕಿಕೊಂಡಿರುವವನು. ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ. ಪೂರ್ತಿ ಸುಳ್ಳಾಗಿದ್ದರೆ ಉತ್ತರ ಸುಲಭವಿತ್ತು.

ಕಥೆ ಇಸ್ರೇಲಿನದು. ರಫಾಯೆಲ್ ಮೆಕೂಲಮ್ ಎಂಬ ರಸಾಯನ ವಿಜ್ಞಾನಿ ಅರವತ್ತರ ದಶಕದ ಆರಂಭದಲ್ಲಿ, ಪೊಲೀಸರು ಹಿಡಿದಿಟ್ಟಿದ್ದ ಐದು ಕಿಲೋ ಚರಸ್ಸನ್ನು ಕೇಳಿ ಪಡೆದು, ಚೀಲದಲ್ಲಿ ಹಾಕಿಕೊಂಡು, ಎಲ್ಲರೂ ಹತ್ತುವ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಮರಳಿದರು. ಇದೇನು ವಾಸನೆ ಎಂದು ಪ್ರಯಾಣಿಕರು ಸುತ್ತ ನೋಡಿದರಂತೆ. (ನಮ್ಮ ಹುಮನಾಬಾದ್ ಬಸ್ಸಾಗಿದ್ದರೆ ಕಂಡಕ್ಟರ್ ನಡುದಾರಿಯಲ್ಲಿ ಇಳಿಸುತ್ತಿದ್ದ.) 1964ರಲ್ಲಿ ಅವರೂ ಯೆಖಿಯೆಲ್ ಗಾವೊನಿಯೂ ಸೇರಿ ಅಮಲೇರಿಸುವ ಅಂಶವನ್ನು ಬೇರ್ಪಡಿಸಿದರು. ಅದೇ ಟಿಎಚ್‌ಸಿ.

ಅದು ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ತಿಳಿಯಲು 1988 ಬರಬೇಕಾಯಿತು. ಅಮೆರಿಕದ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಅದಕ್ಕೆ ತಕ್ಕ ಗ್ರಾಹಕ ಮಿದುಳಿನಲ್ಲಿ ಇರುವುದನ್ನು ತೋರಿಸಿದರು. ಗ್ರಾಹಕ ಎಂದರೆ ಅಂಗಡಿಗೆ ಬರುವವನಲ್ಲ, ನರಕೋಶದ ಮೇಲಿನ ಬೀಗ ಎಂದುಕೊಳ್ಳಿ. ಈಗ ಅದಕ್ಕೆ ಸಿಬಿ-1 ಎನ್ನುತ್ತೇವೆ. ಹೊಲದಲ್ಲಿ ಬೆಳೆಯುವ ಯಾವುದೋ ಗಿಡದ ಕೀಲಿಗಾಗಿ ಮಿದುಳು ಬೀಗ ಮಾಡಿಟ್ಟುಕೊಳ್ಳುವುದುಂಟೇ? ಕೀಲಿ ಮನೆಯಲ್ಲೇ ಇರಬೇಕು ಎಂದು ಹುಡುಕಿದರು. 1992ರಲ್ಲಿ ಜೆರುಸಲೇಮಿನಲ್ಲಿ, ಮೆಕೂಲಮ್ ಅವರ ಪ್ರಯೋಗಾಲಯದಲ್ಲಿ, ಹಂದಿಯ ಮಿದುಳಿನಿಂದ ಆ ಅಣು ಸಿಕ್ಕಿತು. ಹೆಸರು ಆನಂದಮೈಡ್. ಹೌದು, ಸಂಸ್ಕೃತದ ಆನಂದವೇ, ಅದಕ್ಕೆ ಅಮೈಡ್ ಎಂಬ ರಾಸಾಯನಿಕ ಬಗೆಯ ಹೆಸರು ಜೋಡಿಸಿದ್ದು.

ಇಲ್ಲಿಯವರೆಗೆ ನಿಮ್ಮ ತಮ್ಮ ಸರಿ. ಇನ್ನು ಮುಂದೆ ಅವನು ಓದಿಲ್ಲ.

ಸಾಮಾನ್ಯವಾಗಿ ಒಂದು ನರಕೋಶ ಹೇಳುತ್ತದೆ, ಮುಂದಿನದು ಕೇಳುತ್ತದೆ. ಈ ಅಣುಗಳು ಹಿಂದಕ್ಕೆ ಹೋಗುತ್ತವೆ. ಕಾಲುವೆಯ ನೀರು ತನ್ನ ಮಡಿಗೆ ತುಂಬಿದಾಗ ಹೊಲದ ತುದಿಯಲ್ಲಿ ನಿಂತವನು ‘ಸಾಕು, ಕಟ್ಟು’ ಎಂದು ಮೇಲಿನವನಿಗೆ ಕೂಗುತ್ತಾನಲ್ಲ, ಹಾಗೆ. 1995ರಲ್ಲಿ ಸಿಕ್ಕ ಆನಂದಮೈಡಿನ ಜೊತೆಗಾರ 2-ಎಜಿ ಎಂಬುದು ಈ ಕೂಗುವ ಕೆಲಸವನ್ನು ಇನ್ನೂ ಹೆಚ್ಚು ಮಾಡುತ್ತದೆ. ಕೂಗನ್ನು ಮೊದಲೇ ಡಬ್ಬಿಯಲ್ಲಿ ತುಂಬಿಟ್ಟಿರುವುದಿಲ್ಲ. ಬೇಕಾದಾಗ, ಬೇಕಾದ ಮಡಿಯಲ್ಲಿ, ಕೋಶದ ಪೊರೆಯ ಕೊಬ್ಬಿನಿಂದಲೇ ಅದು ತಯಾರಾಗುತ್ತದೆ. ಕೆಲಸ ಮುಗಿದೊಡನೆ ಆನಂದಮೈಡನ್ನು ಎಫ್‌ಎಎಎಚ್ ಎಂಬ ಕಿಣ್ವ ತುಂಡರಿಸುತ್ತದೆ. ಕೆಲವು ನಿಮಿಷಗಳ ಆಯುಷ್ಯ. ಚಾಕೊಲೇಟಿನಲ್ಲಿ ಇದರ ಲವಲೇಶ ಇರುವುದನ್ನು 1996ರಲ್ಲಿ ಕಂಡದ್ದು ನಿಜ. ಆದರೆ ಅಷ್ಟು ಚೂರು ಮಿದುಳಿನ ಹೊಸ್ತಿಲು ಮುಟ್ಟುವ ಮೊದಲೇ ಮುಗಿದಿರುತ್ತದೆ.

ಟಿಎಚ್‌ಸಿಯನ್ನು ಆ ಕಿಣ್ವ ಕತ್ತರಿಸಲಾರದು. ಅದು ಹೊಗೆಯೊಂದಿಗೆ ಬಂದು ಊರಿನ ಎಲ್ಲ ಹೊಲಗಳಲ್ಲೂ ಒಟ್ಟಿಗೆ ‘ಕಟ್ಟು, ಕಟ್ಟು’ ಎಂದು ಗಂಟೆಗಟ್ಟಲೆ ಕೂಗುತ್ತದೆ. ನೀರು ಬೇಕಾದ ಹೊಲ, ಬೇಡದ ಹೊಲ ಎಂದು ನೋಡುವುದಿಲ್ಲ. ನೆನಪು ಕೂಡಿಡುವ ಭಾಗದಲ್ಲಿ ಕೂಗಿದರೆ ಹೇಳಹೊರಟ ಮಾತು ಅರ್ಧಕ್ಕೆ ಮರೆಯುತ್ತದೆ, ಕಿರುಮಿದುಳಿನಲ್ಲಿ ಕೂಗಿದರೆ ಗಾಡಿ ಓಡಿಸುವ ಸಮತೋಲ ಕೆಡುತ್ತದೆ, ಹಸಿವಿನ ಕೇಂದ್ರದಲ್ಲಿ ಕೂಗಿದರೆ ರಾತ್ರಿ ಹನ್ನೊಂದಕ್ಕೆ ಡಬ್ಬಿ ತಡಕಾಟ. ಉಸಿರಾಟ ನಡೆಸುವ ಮಿದುಳುಕಾಂಡದಲ್ಲಿ ಈ ಬೀಗಗಳು ತೀರ ಕಡಿಮೆ, ಆದ್ದರಿಂದ ಅಫೀಮಿನ ಹಾಗೆ ಇದು ಉಸಿರು ನಿಲ್ಲಿಸಿ ಕೊಲ್ಲುವುದಿಲ್ಲ. ಇದನ್ನೂ ತಮ್ಮನಿಗೆ ಹೇಳಿ. ನೀವು ಮುಚ್ಚಿಟ್ಟದ್ದನ್ನು ಅವನೇ ಓದಿಕೊಂಡು ಬಂದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಕೃಷ್ಣೆಯ ದಂಡೆ | ಸುರಪುರ ತಾಲ್ಲೂಕು | ಸೋಮವಾರ ಮಧ್ಯಾಹ್ನ 1.15

ಕಾಕಾ, ನೀರಿನ ಹೋಲಿಕೆ ಚೆನ್ನಾಗಿದೆ. ತುದಿ ಹೊಲದವನು ಕೂಗಿದರೂ ಮೇಲಿನವನು ಕಟ್ಟುವುದಿಲ್ಲ ಎಂಬುದು ನಮ್ಮ ಊರಿನ ಅನುಭವ. ಅದಿರಲಿ.

ತಿಂಥಣಿಯ ಮಾತನ್ನು ಅಕ್ಕನವರೇ ಎತ್ತಿದ್ದಾರೆ. ನಮ್ಮ ಭಜನಾ ಮೇಳ ಪ್ರತಿ ವರ್ಷ ಮೌನೇಶ್ವರರ ಜಾತ್ರೆಗೆ ಹೋಗುತ್ತದೆ, ನಾನು ಏಕತಾರಿ ಹಿಡಿಯುತ್ತೇನೆ. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಜಾಗ ಅದು. ಅವಧೂತರು, ಆರೂಢರು ಅಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವುದು ಗುಟ್ಟಲ್ಲ, ಪತ್ರಿಕೆಗಳೇ ಬರೆದಿವೆ.

ನಾನು ಕಣ್ಣಾರೆ ಕಂಡ ಒಬ್ಬ ಅಜ್ಜನ ಮಾತು ಹೇಳುತ್ತೇನೆ. ವರ್ಷವೆಲ್ಲ ಕುರಿ ಕಾಯುತ್ತಿದ್ದ. ಜಾತ್ರೆಯ ರಾತ್ರಿ ಹೊಳೆಗೆ ಇಳಿದು ಕೈಕಾಲು ತೊಳೆದು ಬಂದು, ಚಿಲುಮೆಯ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಹಣೆಗೆ ಮುಟ್ಟಿಸಿ, ಒಂದೇ ದಮ್ಮು. ಪಕ್ಕದವನಿಗೆ ದಾಟಿಸಿ ಹಾಡಲು ಕೂತರೆ ಕೋಳಿ ಕೂಗುವವರೆಗೆ ಏಳುತ್ತಿರಲಿಲ್ಲ. ನಡುವೆ ಒಬ್ಬ ಹುಡುಗ ಎರಡನೇ ಸಲ ಕೈ ಚಾಚಿದಾಗ “ನಿನಗೆ ಪದ ಬೇಕೋ, ಹೊಗೆ ಬೇಕೋ” ಎಂದು ಕೇಳಿ ಕೈ ಸರಿಸಿದ. ಮರುದಿನ ಬೆಳಿಗ್ಗೆ ಬಟ್ಟೆ ಹಿಂಡಿ ಒಣಹಾಕಿ ಚಿಲುಮೆಯನ್ನು ಜೋಳಿಗೆಗೆ ಸೇರಿಸಿದರೆ ಮುಂದಿನ ಜಾತ್ರೆಗೇ ಅದು ಹೊರಗೆ ಬರುವುದು.

ನಾನು ಸೇದುವುದಿಲ್ಲ. ಶೀಲದಿಂದಲ್ಲ, ಕೆಮ್ಮಿನಿಂದ. ಆದರೆ ಬೆಳಗಿನ ಜಾವ ನಾಲ್ಕಕ್ಕೆ, ಎಷ್ಟನೆಯ ಪದವೋ ಮುಗಿಯುವ ಹೊತ್ತಿಗೆ, ನನ್ನ ಮೈಯೂ ನೆಲದ ಮೇಲೆ ಇರುವುದಿಲ್ಲ. ಆಗ ಸೇದಿದವನಿಗೂ ನನಗೂ ಏನು ವ್ಯತ್ಯಾಸ? ಕಾಕಾ ಹೇಳಲಿ.

ಕರಿಕೋಟು | ಕಲಬುರಗಿ | ಸೋಮವಾರ ಸಂಜೆ 6.50

ಪ್ರಸಾದವಾದರೂ ಕಾಯಿದೆಯ ಕಣ್ಣಿಗೆ ಅದು ಗಾಂಜಾ. 1985ರ ಮಾದಕ ವಸ್ತು ಕಾಯಿದೆಯ ಪ್ರಕಾರ ಗಿಡದಿಂದ ತೆಗೆದ ಅಂಟು ಚರಸ್, ಹೂ ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ತುದಿಯ ಜೊತೆಗಿರದ ಬರಿಯ ಎಲೆ, ಬೀಜ ಈ ವ್ಯಾಖ್ಯೆಯ ಹೊರಗೆ. ಎಲೆಯಿಂದ ಮಾಡುವ ಭಂಗಿ ಇದಕ್ಕೆ ಸೇರುವುದಿಲ್ಲ ಎಂದು ನಮ್ಮ ಹೈಕೋರ್ಟ್ ಕೂಡ 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಹೇಳಿದೆ. ಅಕ್ಕನವರ ಪೊಟ್ಟಣದಲ್ಲಿ ಬೀಜಗಳು ಸೊಪ್ಪಿನೊಂದಿಗೇ ಇದ್ದವು ಎಂದರೆ ಅದು ಬಹುಮಟ್ಟಿಗೆ ತುದಿಯೇ. ‘ಎಲೆ ಮಾತ್ರ ಸರ್’ ಎಂಬ ವಾದ ಠಾಣೆಯಲ್ಲಿ ನಿಲ್ಲುವುದಿಲ್ಲ.

ಒಂದು ಕಿಲೋವರೆಗೆ ಅಲ್ಪ ಪ್ರಮಾಣ: ಒಂದು ವರ್ಷದವರೆಗೆ ಸೆರೆ, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಪ್ಪತ್ತು ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ, ಅಲ್ಲಿ ಶಿಕ್ಷೆ ಹತ್ತು ವರ್ಷದಿಂದ ಶುರು. ಇದೇ ಕಾಯಿದೆಯ 64ಎ ಕಲಮನ್ನು ಹೆಚ್ಚು ಜನ ಓದುವುದಿಲ್ಲ: ಸೇವನೆಗೋ ಅಲ್ಪ ಪ್ರಮಾಣಕ್ಕೋ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಮನೆಯವರು ಮೊದಲು ನೋಡಬೇಕಾದದ್ದು ಅದನ್ನು.

ಕೃಷ್ಣೆಯವರೇ, ನಿಮ್ಮ ಅಜ್ಜನ ಬಗ್ಗೆ ನನಗೆ ಗೌರವವಿದೆ. ಆದರೆ 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪೊಲೀಸರು ನಮ್ಮ ಕಾಳಗಿ ಕಡೆಯ ಕುರಿ ಸಾಕಣೆಯ ಜಾಗದಲ್ಲಿ ನೆಲದಡಿಯಿಂದ ಸಾವಿರದ ಮುನ್ನೂರು ಕಿಲೋಗೂ ಹೆಚ್ಚು ಗಾಂಜಾ ತೆಗೆದರಲ್ಲ, ಅದು ಯಾವ ಜಾತ್ರೆಯ ಪ್ರಸಾದ?

ಸರಾಫ್ ಗಲ್ಲಿ | ಕಲಬುರಗಿ | ಸೋಮವಾರ ರಾತ್ರಿ 10.20

ಎಲ್ಲರೂ ಗಾಂಜಾ ಎಂದೊಡನೆ ಹೌಹಾರುವುದೇಕೆ? ಸರ್ಕಾರವೇ ಪರವಾನಗಿ ಕೊಟ್ಟ ಮದ್ಯದಂಗಡಿಯ ಮುಂದೆ ಸಂಜೆ ಯಾರು ಬಿದ್ದಿರುತ್ತಾರೆ ನೋಡಿ. ಬ್ರಿಟಿಷರು 1893–94ರಲ್ಲಿ ಇದೇ ಗಾಂಜಾ, ಭಂಗಿಯ ತನಿಖೆಗೆ ಆಯೋಗ ಕೂರಿಸಿದರು. 1,193 ಸಾಕ್ಷಿಗಳನ್ನು ಕೇಳಿ, ಏಳು ಸಂಪುಟ ಬರೆದು, ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂತಹ ಹಾನಿಯಿಲ್ಲ ಎಂದರು. ‘ಗಾಂಜಾದಿಂದ ಹುಚ್ಚು ಹಿಡಿಯಿತು’ ಎಂಬ ಆಸ್ಪತ್ರೆಯ ಲೆಕ್ಕಗಳೇ ಪೊಳ್ಳು ಎಂದು ತೋರಿಸಿದ್ದೂ ಅವರೇ. ಬೇರೆ ಕಾರಣ ಹೊಳೆಯದಿದ್ದರೆ ಪೇದೆ ‘ಗಾಂಜಾ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದನಂತೆ.

ಹಗಲು ಪಾಳಿ | ಬೀದರ್ ಜಿಲ್ಲೆ | ಮಂಗಳವಾರ ಬೆಳಿಗ್ಗೆ 7.00

ಸರಾಫ್ ಅಣ್ಣನವರೇ, ಮದ್ಯದ ಬಗ್ಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ನಾನು ಶುಶ್ರೂಷಕಿ, ಮದ್ಯ ಮಾಡಿದ ಹಾಳನ್ನು ದಿನವೂ ನೋಡುತ್ತೇನೆ. ಆದರೆ ಒಂದು ಹಾವು ದೊಡ್ಡದು ಎಂದು ಇನ್ನೊಂದನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಲಾಗದು.

ಆ ಆಯೋಗದ ಕಾಲದ ಮೇಲೆ ನೂರು ಮೂವತ್ತು ವರ್ಷ ಕಳೆದಿದೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ ಹುಡುಗರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 1987ರಲ್ಲಿ ಬಂತು. ಹೆಚ್ಚು ಸೇದಿದವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಕಾಣಿಸಿಕೊಂಡದ್ದು ಹೆಚ್ಚು. 2019ರ ಯುರೋಪಿನ ಅಧ್ಯಯನದಲ್ಲಿ ತೀಕ್ಷ್ಣ ಗಾಂಜಾವನ್ನು ದಿನವೂ ಸೇದುವವರಿಗೆ ಚಿತ್ತವಿಕಲತೆಯ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಸಂಭವ ಎಂದೂ ಸೇದದವರಿಗಿಂತ ಸುಮಾರು ಐದು ಪಟ್ಟು. ಸೇದಿದವರೆಲ್ಲರಿಗೂ ಹೀಗಾಗುವುದಿಲ್ಲ. ಮನೆತನದಲ್ಲಿ ಕಾಯಿಲೆಯ ಎಳೆ ಇದ್ದವರಿಗೆ, ಸಣ್ಣ ವಯಸ್ಸಿನಲ್ಲಿ ಹಿಡಿದವರಿಗೆ ಅಪಾಯ ಹೆಚ್ಚು. ವ್ಯಸನವೂ ಹಾಗೆಯೇ: ಸೇದಿ ನೋಡಿದ ಹತ್ತರಲ್ಲಿ ಸುಮಾರು ಒಬ್ಬರಿಗೆ ಅಂಟಿಕೊಳ್ಳುತ್ತದೆ, ಹದಿಹರೆಯದಲ್ಲಿ ಶುರುಮಾಡಿದವರಲ್ಲಿ ಆರಕ್ಕೆ ಒಬ್ಬರಿಗೆ. ದೆಹಲಿಯ ಏಮ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿ ವರ್ಷದೊಳಗೆ ಬಳಸಿದವರು ಸುಮಾರು 3.1 ಕೋಟಿ. ಅವರಲ್ಲಿ ಸುಮಾರು 72 ಲಕ್ಷ ಜನರಿಗೆ ನೆರವು ಬೇಕು ಎಂದು ಅದರ ಅಂದಾಜು.

ಅಕ್ಕಾ, 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ. ವ್ಯಸನಕ್ಕೆಂದೇ ಇರುವ ಸಂಖ್ಯೆ 14446. ಎರಡಕ್ಕೂ ದುಡ್ಡಿಲ್ಲ. ಒಂದು ವಿನಂತಿ, ಅವನನ್ನು ‘ಸರಿಮಾಡಿಸಲು’ ಯಾರ ಬಳಿಗೂ ಎಳೆದುಕೊಂಡು ಹೋಗಬೇಡಿ. ಹಗ್ಗ ಕಟ್ಟಿ ಕರೆತಂದ ಒಬ್ಬ ಹುಡುಗನ ಮಣಿಕಟ್ಟಿನ ಗುರುತಿಗೆ ನಾನೇ ಮುಲಾಮು ಹಚ್ಚಿದ್ದೇನೆ.

ಖಾಲಿ ಚಿಲುಮೆ | ಯಾದಗಿರಿ | ಮಂಗಳವಾರ ರಾತ್ರಿ 11.30

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಎಂದು ಮೂರು ಸಲ ಅಳಿಸಿದೆ.

ನಾನು ನಾಲ್ಕು ವರ್ಷ ಸೇದಿದವನು, ಬಿಟ್ಟು ಎರಡು ವರ್ಷ ಏಳು ತಿಂಗಳಾಯಿತು. ನಾವು ನಾಲ್ಕು ಜನ. ಅಂಗಡಿ ಮುಚ್ಚಿ ಕೋಟೆಯ ಬೆಟ್ಟದ ಬುಡಕ್ಕೆ ಹೋಗುತ್ತಿದ್ದೆವು. ಮೊದಲ ಆರು ತಿಂಗಳು ಸುಳ್ಳಲ್ಲ, ಸುಖವಿತ್ತು. ಮಿರ್ಚಿ ಭಜಿಯ ಕಾಗದದ ಮೇಲಿನ ಜಾಹೀರಾತು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನೆನಪಿದೆ. ಭೀಮಾ ಸೇತುವೆಯ ಮೇಲೆ ರೈಲು ಹೋದರೆ ಅದರ ಸದ್ದು ಎದೆಯೊಳಗೆ ಹೋಗುತ್ತಿತ್ತು.

ಎರಡನೇ ವರ್ಷಕ್ಕೆ ನಗು ನಿಂತಿತು. ಯಾವಾಗ ಎಂದು ಹೇಳಲಾರೆ, ಸದ್ದಿಲ್ಲದೆ ನಿಂತಿತು. ನಾಲ್ವರೂ ನಾಲ್ಕು ಮೊಬೈಲ್ ನೋಡುತ್ತ ಕೂರುತ್ತಿದ್ದೆವು. ಆದರೆ ಐದೂವರೆ ಆಯಿತೆಂದರೆ ಕೈ ತಾನಾಗಿ ಗಾಡಿಯ ಕೀಲಿ ಹುಡುಕುತ್ತಿತ್ತು. ಸೇದಿದರೆ ಸುಖವಿಲ್ಲ, ಸೇದದಿದ್ದರೆ ಸಮಾಧಾನವಿಲ್ಲ. ಬೇರೆ ಯಾವುದೂ ರುಚಿಸುವುದಿಲ್ಲ. ತಂಗಿಯ ಮದುವೆಯ ದಿನ, ಅಕ್ಷತೆ ಬೀಳುವಾಗ, ನಾನು ಗಡಿಯಾರ ನೋಡುತ್ತಿದ್ದೆ.

ಬಿಟ್ಟ ಮೊದಲ ವಾರ ನಿದ್ದೆ ಇಲ್ಲ, ರಾತ್ರಿ ಬೆವರು, ಮನೆಯವರ ಮೇಲೆ ಸಿಟ್ಟು. ಅವ್ವ ಸುಟ್ಟ ಬಿಸಿ ಜೋಳದ ರೊಟ್ಟಿ ಬಾಯಿಗಿಟ್ಟರೆ ರಟ್ಟು ಅಗಿದ ಹಾಗೆ. ಒಂಬತ್ತನೇ ರಾತ್ರಿ ಕನಸು ಬಿತ್ತು. ನಾಲ್ಕು ವರ್ಷ ನನಗೆ ಕನಸೇ ಬಿದ್ದಿರಲಿಲ್ಲ ಎಂದು ಆಗ ತಿಳಿಯಿತು. ಕನಸಿನಲ್ಲಿ ಎಮ್ಮೆ ನನ್ನ ಅಂಗಡಿಯ ಕುರ್ಚಿಯ ಮೇಲೆ ಕೂತು ಲೆಕ್ಕ ಕೇಳುತ್ತಿತ್ತು. ಎದ್ದು ಒಬ್ಬನೇ ನಕ್ಕೆ.

ಇದು ಹೀಗೇಕಾಗುತ್ತದೆ, ಕಾಕಾ?

ಕಷಾಯ ಕಾಕಾ | ಬೀದರ್ | ಬುಧವಾರ ಬೆಳಿಗ್ಗೆ 9.10

ಚಿಲುಮೆಯಪ್ಪಾ, ‘ಬೇಕು’ ಎನ್ನುವುದೂ ‘ಹಿತ’ ಎನ್ನುವುದೂ ಮಿದುಳಿನಲ್ಲಿ ಬೇರೆ ಬೇರೆ. ನಿಮ್ಮ ಕೈ ಕೀಲಿ ಹುಡುಕಿದ್ದರ ಗುಟ್ಟು ಅದರಲ್ಲೇ ಇದೆ.

1954ರಲ್ಲಿ ಕೆನಡಾದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಇಲಿಗಳ ಮಿದುಳಿಗೆ ಸಣ್ಣ ತಂತಿ ಇಟ್ಟು, ಸನ್ನೆಕೋಲು ಒತ್ತಿದರೆ ಅಲ್ಲಿಗೆ ವಿದ್ಯುತ್ ಹೋಗುವಂತೆ ಮಾಡಿದರು. ಇಲಿಗಳು ಒತ್ತಿದವು, ಒತ್ತುತ್ತಲೇ ಇದ್ದವು. ಸುಖದ ಕೇಂದ್ರ ಸಿಕ್ಕಿತು ಎಂದು ಎಲ್ಲರೂ ಬಗೆದರು, ಆ ಪಟ್ಟವನ್ನು ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ ಡೋಪಮಿನ್‌ಗೆ ಕಟ್ಟಿದರು. ಆಮೇಲೆ ಕೆಂಟ್ ಬೆರಿಜ್ ಎಂಬುವರು ನೋಡಿದರು: ಡೋಪಮಿನ್ ಹೆಚ್ಚುಕಡಿಮೆ ಪೂರ್ತಿ ತೆಗೆದರೂ ಇಲಿಯ ಬಾಯಿಗೆ ಸಕ್ಕರೆ ನೀರು ಹನಿಸಿದರೆ ಅದು ಮೊದಲಿನಂತೆಯೇ ತುಟಿ ನೆಕ್ಕುತ್ತದೆ. ಹಿತ ಹೋಗಿಲ್ಲ. ಆದರೆ ಎರಡು ಹೆಜ್ಜೆ ಆಚೆ ಆಹಾರವಿದ್ದರೂ ಎದ್ದು ಹೋಗುವುದಿಲ್ಲ, ‘ಬೇಕು’ ಹೋಗಿದೆ. ನಿಮ್ಮಲ್ಲಿ ಇದು ತಿರುಗುಮುರುಗು. ಹಿತ ಸತ್ತಿತ್ತು, ‘ಬೇಕು’ ಐದೂವರೆಗೆ ಗಡಿಯಾರ ಕಟ್ಟಿಕೊಂಡು ಬರುತ್ತಿತ್ತು.

ಹಿತ ಸತ್ತದ್ದೇಕೆ ಎಂದರೆ, ಊರೆಲ್ಲ ಸದಾ ‘ಕಟ್ಟು’ ಎಂದು ಕೂಗಿದರೆ ಕೇಳುವವರು ಕಿವಿ ಮುಚ್ಚಿಕೊಳ್ಳುತ್ತಾರೆ. ದಿನವೂ ಸೇದುವವರ ಮಿದುಳು ಸಿಬಿ-1 ಬೀಗಗಳನ್ನು ಒಳಗೆಳೆದುಕೊಳ್ಳುತ್ತದೆ. ಆಗ ಮನೆಯ ಆನಂದಮೈಡಿಗೂ ಬೀಗ ಸಿಗುವುದಿಲ್ಲ, ತಂಗಿಯ ಅಕ್ಷತೆಗೂ ಸಿಗುವುದಿಲ್ಲ. ಒಳ್ಳೆಯ ಸುದ್ದಿಯೂ ಇದೆ. 2012ರಲ್ಲಿ ಪ್ರಕಟವಾದ ಸ್ಕ್ಯಾನಿಂಗ್ ಅಧ್ಯಯನದಲ್ಲಿ ಸುಮಾರು ನಾಲ್ಕು ವಾರ ಬಿಟ್ಟಿದ್ದವರಲ್ಲಿ ಬಹುಭಾಗ ಬೀಗಗಳು ಮರಳಿದ್ದವು. ಕನಸಿನ ವಿಚಾರ: ಟಿಎಚ್‌ಸಿ ಕನಸು ಬೀಳುವ ನಿದ್ದೆಯನ್ನು ಅದುಮುತ್ತದೆ, ಬಿಟ್ಟಾಗ ಅದು ಬಡ್ಡಿ ಸಮೇತ ಬರುತ್ತದೆ. ನಿಮ್ಮ ಎಮ್ಮೆ ಲೆಕ್ಕ ಕೇಳಿದ್ದು ಸರಿಯಾಗಿಯೇ ಇದೆ.

ಕೃಷ್ಣೆಯವರ ಪ್ರಶ್ನೆ ಬಾಕಿ ಇದೆ. ಇಷ್ಟವಾದ ಸಂಗೀತ ಕೇಳುವಾಗ ಮೈ ಜುಮ್ಮೆನ್ನುತ್ತದಲ್ಲ, ಅದನ್ನು ಮಾಂಟ್ರಿಯಲ್‌ನವರು 2011ರಲ್ಲಿ ಅಳೆದರು. ಜುಮ್ಮೆನ್ನುವ ಗಳಿಗೆಯಲ್ಲಿ ಒಂದು ಕಡೆ ಡೋಪಮಿನ್ ಬಿಡುಗಡೆ, ಅದಕ್ಕೂ ಮೊದಲು ‘ಇನ್ನೇನು ಬರುತ್ತದೆ’ ಎಂದು ಕಾಯುವಾಗ ಇನ್ನೊಂದು ಕಡೆ. ಪಲ್ಲವಿಗೆ ಮರಳುವುದನ್ನು ಕಾಯುವುದರಲ್ಲೇ ಅರ್ಧ ಸುಖ. ಮೈ ಹಗುರಾಗುವುದರ ಬಗ್ಗೆ ಓಟಗಾರರ ಮೇಲೆ ಒಳ್ಳೆಯ ಕೆಲಸವಾಗಿದೆ. ಅದು ಮೈಯೇ ತಯಾರಿಸುವ ನೋವುನಿವಾರಕ ಎಂಡಾರ್ಫಿನ್‌ನ ಕೆಲಸ ಎಂದು ಬಹುಕಾಲ ಬರೆದರು. 2021ರಲ್ಲಿ ಎಂಡಾರ್ಫಿನ್ ಕೂರುವ ಬೀಗಗಳನ್ನು ಔಷಧದಿಂದ ಮುಚ್ಚಿ ಓಡಿಸಿದರು. ಆದರೂ ಓಡಿದವರಿಗೆ ಉಲ್ಲಾಸ ಬಂತು, ರಕ್ತದಲ್ಲಿ ಆನಂದಮೈಡ್ ಏರಿತ್ತು. ಆದ್ದರಿಂದ ನಿಮ್ಮ ಮೈ ಹಗುರಾದದ್ದು ಭ್ರಮೆಯಲ್ಲ. ವ್ಯತ್ಯಾಸ ಇಷ್ಟೇ: ನೀವು ಮರುದಿನ ಊರಿಗೆ ಬಂದು ಹತ್ತಿ ಬಿಡಿಸುತ್ತೀರಿ, ಯಾರೂ ಐದೂವರೆಗೆ ನಿಮ್ಮನ್ನು ಎಬ್ಬಿಸುವುದಿಲ್ಲ. ಅಜ್ಜನನ್ನೂ ಎಬ್ಬಿಸುತ್ತಿರಲಿಲ್ಲ, ಏಕೆಂದರೆ ವರ್ಷಕ್ಕೆ ಒಂದು ದಮ್ಮು ಸೇದಿದವನ ಬೀಗ ಎಲ್ಲಿಗೂ ಹೋಗಿರುವುದಿಲ್ಲ. ಅಕ್ಕನ ತಮ್ಮ ಆ ಅಜ್ಜನ ಉದಾಹರಣೆ ಕೊಡುವುದಾದರೆ ಅಜ್ಜನ ಜೋಳಿಗೆಯನ್ನೂ ಸೇರಿಸಿ ಕೊಡಲಿ.

ಹಾಗೆಂದು ಈ ಬೀಗವನ್ನು ಜಡಿದುಬಿಡುವುದೂ ಅಪಾಯ. ತೂಕ ಇಳಿಸಲೆಂದು ಸಿಬಿ-1 ಮುಚ್ಚುವ ರಿಮೋನಬಾಂಟ್ ಎಂಬ ಮಾತ್ರೆ 2006ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. ತೂಕ ಇಳಿಯಿತು, ಕೆಲವರಿಗೆ ಬದುಕುವ ಆಸೆಯೂ ಇಳಿಯಿತು. ಖಿನ್ನತೆ, ಆತ್ಮಹತ್ಯೆಯ ಯೋಚನೆ. 2008ರಲ್ಲಿ ಹಿಂದಕ್ಕೆ ಪಡೆದರು.

ಮಾಳಿಗೆ | ಕಲಬುರಗಿ | ಬುಧವಾರ ರಾತ್ರಿ 12.40

ಅಕ್ಕಾ, ತೊಗರಿ ಧಾರಣೆಯ ಕಾಲಂ ಎಂದು ಬರೆಯಲೇಬೇಕಿತ್ತೇ? ನನ್ನ ಇಬ್ಬರು ಗೆಳೆಯರು ಓದಿ ‘ಇದು ನಿನ್ನ ಅಕ್ಕನೇ’ ಎಂದು ಹೇಳಿದ್ದಾರೆ.

ಕಾಕಾ ಅವರೇ, ನಾನು ಮುಂದೆ ಓದಿಲ್ಲ ಎಂದಿರಿ. ಒಪ್ಪಿದೆ. 2-ಎಜಿ ಗೊತ್ತಿರಲಿಲ್ಲ. ಆದರೆ ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ. ಮನೆಯ ಆನಂದಮೈಡ್ ಎಲ್ಲರಿಗೂ ಒಂದೇ ಸಮ ಇದೆ ಎಂದು ಹಿಡಿದು ಮಾತನಾಡುತ್ತಿದ್ದೀರಿ.

ಹೋದ ವರ್ಷ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಬನ್ನಿ ಗಿಡದ ಕೆಳಗೆ ಮನೆಯವರೆಲ್ಲ ಇದ್ದರು. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ. ಮಾಮಾ ಏನೋ ಹೇಳಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಹೊಟ್ಟೆ ತುಂಬಿತು, ಅಷ್ಟೇ. ಮನಸ್ಸಿಗೆ ಏನೂ ಮುಟ್ಟಲಿಲ್ಲ. ಆಗ ನಾನು ಒಂದು ದಮ್ಮೂ ಎಳೆದವನಲ್ಲ. ಎಳೆದದ್ದು ಅದಾದ ಎರಡು ತಿಂಗಳಿಗೆ. ಮೊದಲ ದಿನ ಹಾಸ್ಟೆಲಿನ ಗೆಳೆಯನೊಬ್ಬ ಕೆಟ್ಟ ಹಾಡು ಹಾಡಿದ, ನನಗೆ ಅಳು ಬಂತು. ಒಂದು ವರ್ಷದ ಮೇಲೆ ಏನಾದರೂ ಮುಟ್ಟಿತ್ತು. ಅದನ್ನೇ ನಾನು ಆನಂದ ಎಂದದ್ದು. ಅಕ್ಕನ ಎದುರು ಶರಣರನ್ನು ಎಳೆದು ತಂದದ್ದು ಮಾತ್ರ ಹೆಚ್ಚಾಯಿತು.

ಹಗಲು ಪಾಳಿ | ಬೀದರ್ ಜಿಲ್ಲೆ | ಗುರುವಾರ ಬೆಳಿಗ್ಗೆ 6.45

ತಮ್ಮಾ, ನೀನು ಬರೆದದ್ದನ್ನು ಪಾಳಿಗೆ ಹೊರಡುವ ಮೊದಲು ಎರಡು ಸಲ ಓದಿದೆ. ಊಟ, ಹಬ್ಬ, ನಗು ಯಾವುದೂ ಮುಟ್ಟದ ಆ ಸ್ಥಿತಿ ಗಾಂಜಾಕ್ಕಿಂತ ಮೊದಲೇ ಇತ್ತು ಎಂದರೆ, ವೈದ್ಯರಿಗೆ ಮೊದಲು ಹೇಳಬೇಕಾದದ್ದು ಅದನ್ನು. ಖಿನ್ನತೆ ಎಂದರೆ ಯಾವಾಗಲೂ ಅಳುವುದಲ್ಲ, ಬಹಳ ಸಲ ಹೀಗೆಯೇ ಇರುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಪೊಟ್ಟಣದ ಮಾತು ಆಮೇಲೆ ಹೇಳು, ಎಳ್ಳಮಾವಾಸ್ಯೆಯ ಮಾತು ಮೊದಲು ಹೇಳು.

ಕಷಾಯ ಕಾಕಾ | ಬೀದರ್ | ಗುರುವಾರ ಬೆಳಿಗ್ಗೆ 8.00

ಒಪ್ಪಿದೆ ಮರಿ, ಎಲ್ಲರಿಗೂ ಒಂದೇ ಸಮ ಇಲ್ಲ. ಎಫ್‌ಎಎಎಚ್ ಕಿಣ್ವದ ಜೀನ್ ಸ್ವಲ್ಪ ಬೇರೆ ಇದ್ದವರಲ್ಲಿ ಆನಂದಮೈಡ್ ನಿಧಾನವಾಗಿ ಕರಗುತ್ತದೆ. ಸ್ಕಾಟ್ಲೆಂಡಿನ ಒಬ್ಬ ಮಹಿಳೆಯಲ್ಲಿ ಆ ಕಿಣ್ವದ ಕೆಲಸವೇ ತೀರ ತಗ್ಗಿರುವುದನ್ನು 2019ರಲ್ಲಿ ವರದಿ ಮಾಡಿದರು. ಆಕೆಗೆ ನೋವೂ ಆತಂಕವೂ ಇಲ್ಲವೆನ್ನುವಷ್ಟು. ಕೈ ಒಲೆಗೆ ತಾಗಿದರೂ ಚರ್ಮ ಸುಟ್ಟ ವಾಸನೆ ಬಂದಾಗಲೇ ಗೊತ್ತಾಗುವುದು.

ನಿನ್ನ ಪ್ರಶ್ನೆ ಸರಿಯಾಗಿತ್ತು, ನಾನು ಮೇಷ್ಟರ ಜಂಬದಲ್ಲಿ ಉತ್ತರದ ಕಡೆ ಓಡಿದೆ. ಆದರೂ ಹೇಳುತ್ತೇನೆ: ಆ ಹಾಡು ಮುಟ್ಟಿತು ಎಂದರೆ ನಿನ್ನ ಬೀಗಗಳು ಇನ್ನೂ ಇವೆ. ದಿನವೂ ಹೊಗೆ ಹಾಕಿದರೆ ಅವೇ ಮೊದಲು ಹೋಗುವುದು. ಹಗಲು ಪಾಳಿಯವರ ಮಾತು ಕೇಳು.

ಖಾಲಿ ಚಿಲುಮೆ | ಯಾದಗಿರಿ | ಗುರುವಾರ ರಾತ್ರಿ 9.50

ತಮ್ಮಾ, ನಾನು ವೈದ್ಯನಲ್ಲ. ಸಂಜೆ ಐದೂವರೆಯಿಂದ ಏಳರವರೆಗೆ ಏನು ಮಾಡುತ್ತೀಯ ಎಂದು ಮೊದಲೇ ಗೊತ್ತುಮಾಡಿಕೋ. ನನಗೆ ಹೊಗೆ ಬಿಡುವುದಕ್ಕಿಂತ ಕಷ್ಟವಾದದ್ದು ಆ ಮೂವರ ಜೊತೆ ಕೂರುವುದನ್ನು ಬಿಡುವುದು. ನಗುವುದು ನಿಂತಿದ್ದರೂ ಕೂತಿರುತ್ತಿದ್ದೆವಲ್ಲ. ಮೊದಲ ತಿಂಗಳು ಆ ಹೊತ್ತಿಗೆ ರೈಲು ನಿಲ್ದಾಣಕ್ಕೆ ಹೋಗಿ ಸುಮ್ಮನೆ ಬೆಂಚಿನ ಮೇಲೆ ಕೂರುತ್ತಿದ್ದೆ. ಪ್ಲಾಟ್‌ಫಾರಂ ಟಿಕೆಟ್ ಕೊಂಡೇ ಕೂರುತ್ತಿದ್ದೆ, ಕರಿಕೋಟಿನವರು ಗಮನಿಸಬೇಕು. ಮಾತನಾಡಬೇಕೆನಿಸಿದರೆ ನನಗೆ ಖಾಸಗಿಯಾಗಿ ಬರೆ.

ಆಳಂದ ರಸ್ತೆ | ಕಲಬುರಗಿ | ಭಾನುವಾರ ಸಂಜೆ 7.15

ಶನಿವಾರ ಇಬ್ಬರೂ ವೈದ್ಯರ ಬಳಿ ಹೋಗಿ ಬಂದೆವು. ಹೊರಗಿನ ಬೆಂಚಿನಲ್ಲಿ ಒಂದೂಕಾಲು ಗಂಟೆ ಕಾದೆವು, ಒಳಗೆ ಅವನೊಬ್ಬನೇ ಹೋದ. ಏನು ಮಾತಾಯಿತು ಎಂದು ನಾನು ಕೇಳಿಲ್ಲ. ಬರುವಾಗ ಸೂಪರ್ ಮಾರ್ಕೆಟಿನಲ್ಲಿ ಅವನೇ ಕಬ್ಬಿನ ಹಾಲು ಕೊಡಿಸಿದ. ಅವ್ವನಿಗೆ ಇನ್ನೂ ಹೇಳಿಲ್ಲ. ಈ ವರ್ಷದ ಎಳ್ಳಮಾವಾಸ್ಯೆಗೆ ಎರಡು ವಾರವಿದೆ, ಅದಕ್ಕೂ ಮೊದಲು ಹೇಳಬೇಕು.

ಕಾಕಾ, ಎಲ್ಲ ಸರಿ. ‘ಆನಂದ’ಕ್ಕೆ ‘ಅಮೈಡ್’ ಅಂಟಿಸಿದ ಸಮಾಸ ಮಾತ್ರ ನನಗೆ ಇನ್ನೂ ಗಂಟಲಲ್ಲಿ ಇಳಿದಿಲ್ಲ.

ಮಾಳಿಗೆ | ಕಲಬುರಗಿ | ಭಾನುವಾರ ರಾತ್ರಿ 11.55

ಇಂದು ನಾಲ್ಕನೇ ದಿನ. ಚಿಲುಮೆಯಣ್ಣ, ಎಮ್ಮೆ ಇನ್ನೂ ಬಂದಿಲ್ಲ. ರೊಟ್ಟಿ ಮಾತ್ರ ನೀವು ಹೇಳಿದಂತೆ ರಟ್ಟೇ.